ಹಾರ್ಡ್ ಡಿಸ್ಕ್ ತೀರಿಕೊಂಡ ಮೇಲೆ

ಮೊನ್ನೆ ನಮ್ಮ ಮನೆಯಲ್ಲಿ ಒಂದು ಸಾವಾಯಿತು. ಗಾಬರಿಯಾಗಬೇಡಿ, ತೀರಿಕೊಂಡದ್ದು ನನ್ನ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕು. ಎರಡು ವಾರದಿಂದ ಅದು ಒಳಗೊಳಗೇ ಅಡಿಕೆ ಕತ್ತರಿಸಿದ ಹಾಗೆ ಕಟ್ ಕಟ್ ಎನ್ನುತ್ತಿತ್ತು. ‘ಅದರದೇನೋ ಸಪ್ಪಳ ಬರ್ಲಾಕತ್ತದ, ಯಾರಿಗರೆ ತೋರಸ್ರಿ’ ಎಂದು ಹೆಂಡತಿ ಶೀಲಾ ಹೇಳಿದ್ದಳು. ಮೂವತ್ತು ವರ್ಷ ಮಾಸ್ತರಿಕೆ ಮಾಡಿ ನಿವೃತ್ತನಾದವನು ನಾನು. ಹೆಂಡತಿಯ ಮಾತು ಕೇಳಿ ಬುದ್ಧಿ ಕಲಿಯುವ ವಯಸ್ಸೇ ಇದು? ‘ಬೀದರ ಥಂಡಿಗಿ ಹಂಗಾಗ್ತದ’ ಎಂದುಬಿಟ್ಟೆ. ಮಂಗಳವಾರ ಬೆಳಿಗ್ಗೆ ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದೇ ಸಾಲು ಬಂತು. ಡಿಸ್ಕ್ ಸಿಗುತ್ತಿಲ್ಲವಂತೆ.

ಅದರೊಳಗೆ ಏನಿತ್ತು ಎಂದು ಹೇಳಿದರೆ ನೀವು ನಗುತ್ತೀರಿ. ಸತ್ತವರಿದ್ದರು. ಬೀದರ್, ಭಾಲ್ಕಿ, ಔರಾದ್ ಮೂರೂ ಕಡೆಯ ನಮ್ಮ ಕ್ರೈಸ್ತ ಸಭೆಗಳಲ್ಲಿ ತೀರಿಕೊಂಡ ಸುಮಾರು ಜನ ಒಂದೇ ಫೋಲ್ಡರಿನೊಳಗೆ ತಣ್ಣಗೆ ಮಲಗಿದ್ದರು.

ನಮ್ಮಲ್ಲಿ ಒಂದು ಪದ್ಧತಿಯಿದೆ. ಯಾರಾದರೂ ತೀರಿಕೊಂಡರೆ, ಮಣ್ಣು ಮಾಡುವ ಮೊದಲು ದೇವಾಲಯದಲ್ಲಿ ಅವರ ಜೀವನ ಚರಿತ್ರೆ ಓದಬೇಕು. ಒಂದು ಪುಟ, ಹೆಚ್ಚೆಂದರೆ ಒಂದೂವರೆ. ಎಲ್ಲಿ ಹುಟ್ಟಿದರು, ಯಾರಿಗೆ ಮಕ್ಕಳಾದರು, ಎಲ್ಲಿ ಸೇವೆ ಮಾಡಿದರು, ಎಂಥ ಸ್ವಭಾವದವರು ಎಂದೆಲ್ಲ ಅದರಲ್ಲಿ ಬರಬೇಕು. ಮನೆಯವರು ಅಳುವುದರಲ್ಲಿರುತ್ತಾರೆ, ಪಾಸ್ಟರಿಗೆ ಪ್ರಸಂಗದ ಚಿಂತೆ. ಆದ್ದರಿಂದ ಈ ಕೆಲಸ ಅಕ್ಷರ ಬಲ್ಲ, ಕೆಲಸವಿಲ್ಲದ ಮಾಸ್ತರನ ತಲೆಗೆ ಬಂತು. ಹೆಣ ಇಳಿಸುವ ಮೊದಲೇ ನನಗೆ ಫೋನ್ ಬರುತ್ತದೆ. ಎರಡು ತಾಸಿನಲ್ಲಿ ಒಬ್ಬ ಮನುಷ್ಯನ ಎಂಬತ್ತು ವರ್ಷ ಬರೆದು ಕೊಡಬೇಕು.

ಎರಡು ತಾಸಿನಲ್ಲಿ ಎಂಬತ್ತು ವರ್ಷ ಬರೆಯುವುದು ಹೇಗೆ? ಗುಟ್ಟು ನಿಮಗೊಬ್ಬರಿಗೇ ಹೇಳುತ್ತೇನೆ. ಹಿಂದಿನವರ ಫೈಲು ತೆರೆಯುವುದು, ಹೆಸರು ಬದಲಿಸುವುದು. ಅಷ್ಟೇ. ಮೃದುಭಾಷಿ, ಪ್ರಾರ್ಥನಾಶೀಲರು, ಅತಿಥಿಗಳನ್ನು ಬರಿಗೈಯಲ್ಲಿ ಕಳಿಸಿದವರಲ್ಲ. ಇವು ಎಲ್ಲರಿಗೂ ಒಪ್ಪುತ್ತವೆ, ಯಾರಿಗೂ ಬಿಗಿಯಾಗುವುದಿಲ್ಲ. ಬದುಕಿದ್ದಾಗ ಪಕ್ಕದವರ ಗೋಡೆ ಒಂದು ಗೇಣು ಒತ್ತಿ ಕಟ್ಟಿಕೊಂಡವರೂ ನನ್ನ ಪುಟದಲ್ಲಿ ನೆರೆಹೊರೆಗೆ ಬೇಕಾದವರು. ಬೀದರಿನ ಪಕ್ಕದ ಬಗದಲ್‌ನಲ್ಲಿ ಒಮ್ಮೆ ಅವಸರದಲ್ಲಿ, ಮದುವೆಯನ್ನೇ ಆಗದಿದ್ದ ಒಬ್ಬ ಕಾಕಾನನ್ನು ‘ಮಕ್ಕಳಿಗೆ ಆದರ್ಶ ತಂದೆ’ ಎಂದು ಓದಿಬಿಟ್ಟೆ. ಜನ ಮಕ್ಕಳು ಎಲ್ಲಿದ್ದಾರೆಂದು ಸುತ್ತ ತಿರುಗಿ ನೋಡಿದರು. ಹಿಂದೆ ಕೂತ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಸೇರಿ ಆಮೆನ್ ಎಂದರು.

ನಕಲು ಮಾಡುವ ಈ ಚಟ ನನಗೆ ಹಳೆಯದು. ಚಿಕ್ಕವನಿದ್ದಾಗ ರಜಾ ಅರ್ಜಿ ಬರೆಯಿರಿ ಎಂದರೆ ಮುಂದೆ ಕೂತವನದನ್ನು ನೋಡಿ ಬರೆದು, ಕೆಳಗೆ ಅವನ ಹೆಸರನ್ನೂ ಬರೆದು ಕೊಟ್ಟವನು ನಾನು. ಅವನಿಗೆ ಎರಡು ದಿನ ರಜೆ ಸಿಕ್ಕಿತು, ನನಗೆ ಎರಡು ಏಟು ಸಿಕ್ಕವು. ಅಂಥವನನ್ನೇ ಸರಕಾರ ಮುಂದೆ ಕರೆದು ಮಾಸ್ತರನನ್ನಾಗಿ ಮಾಡಿತು. ನನ್ನ ವಿದ್ಯಾರ್ಥಿಗಳು ಕಾಪಿ ಹೊಡೆದಾಗ ನಾನು ಬಹಳ ಸಿಟ್ಟಾಗುತ್ತಿದ್ದೆ.

ಇರಲಿ. ಸತ್ತವರ ಫೈಲು ಹೋದರೆ ಹೋಗಲಿ ಎಂದು ನಾನೂ ಸುಮ್ಮನಾಗುತ್ತಿದ್ದೆ. ಅವರಲ್ಲಿ ಯಾರೂ ಬಂದು ಕೇಳುವುದಿಲ್ಲ. ಆದರೆ ಆ ಫೋಲ್ಡರಿನ ಮೊದಲನೆಯ ಫೈಲಿನ ಹೆಸರು ‘ಅವ್ವ’ ಎಂದಿತ್ತು. ಲ್ಯಾಪ್‌ಟಾಪ್ ಕೊಂಡ ಹೊಸದರಲ್ಲೇ ಅವ್ವ ಭಾಲ್ಕಿಯಲ್ಲಿ ಅಕ್ಕನ ಮನೆಯಲ್ಲಿ ತೀರಿಕೊಂಡಳು. ಅದರಲ್ಲಿ ನಾನು ಬೆರಳಿಟ್ಟು ಬರೆದ ಮೊದಲ ಬರಹ ಅವಳ ಚರಿತ್ರೆ. ಅದೊಂದನ್ನು ಮಾತ್ರ ಯಾರದೂ ನೋಡಿ ಬರೆಯಲಿಲ್ಲ. ಮನಸ್ಸಿಟ್ಟು, ಅಳುತ್ತ ಬರೆದೆ. ಓದಿದ ಕಾಗದವನ್ನು ಮಡಚಿ ಪೆಟ್ಟಿಗೆಯೊಳಗೆ ಅವಳ ಕೈಯ ಪಕ್ಕದಲ್ಲೇ ಇಟ್ಟೆ. ಇನ್ನೊಂದು ಪ್ರತಿ ಯಾತಕ್ಕೆ, ಲ್ಯಾಪ್‌ಟಾಪಿನಲ್ಲಿದೆಯಲ್ಲ ಎಂದುಕೊಂಡಿದ್ದೆ.

ಸೋಮವಾರವಷ್ಟೇ ಅಕ್ಕನ ಫೋನ್ ಬಂದಿತ್ತು. ‘ಬರೋ ಐತವಾರ ಅವ್ವನ ಸಮಾಧಿಗಿ ಹೊಸಾ ಕಲ್ಲು ನಿಲ್ಲಸ್ಲಾಕತ್ತೇವಿ. ಪಾಸ್ಟರು ಬರ್ತಾರ. ಅವ್ವಂದು ಚರಿತ್ರೆ ತೊಗೊಂಡು ಬಾ, ಓದ್ಬೇಕು’ ಎಂದಿದ್ದಳು. ‘ಅದೇನ್ ದೊಡ್ಡದಕ್ಕಾ, ಕಂಪ್ಯೂಟರ್‌ನಾಗ ಅದ’ ಎಂದು ನಾನು ಠೀವಿಯಿಂದ ಹೇಳಿದ್ದೆ. ಮಂಗಳವಾರ ಡಿಸ್ಕ್ ಹೋಯಿತು.

ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಚೌಬಾರಾ ಗೋಪುರದ ಹತ್ತಿರ ಇಲಿಯಾಸನ ಅಂಗಡಿಗೆ ಓಡಿದೆ. ಇಲಿಯಾಸ್ ನನ್ನ ಹಳೇ ವಿದ್ಯಾರ್ಥಿ. ಗಣಿತದಲ್ಲಿ ಅವನಿಗೆ ನಾನು ಕೊಟ್ಟ ಅಂಕ ನೆನಪಾದರೆ ಈಗ ಅವನೆದುರು ಕೂರಲು ನಾಚಿಕೆಯಾಗುತ್ತದೆ. ಅವನು ಲ್ಯಾಪ್‌ಟಾಪನ್ನು ಬೋರಲು ಹಾಕಿ, ಸ್ಕ್ರೂ ಬಿಚ್ಚಿ ಚಹಾದ ಬಸಿಯಲ್ಲಿ ಹಾಕುತ್ತ, ಡಿಸ್ಕನ್ನು ಕಿವಿಯ ಹತ್ತಿರ ಹಿಡಿದ. ನಾನು ಆಸ್ಪತ್ರೆಯ ಬಾಗಿಲಲ್ಲಿ ನಿಂತವನ ಮುಖ ಮಾಡಿಕೊಂಡು ನಿಂತೆ.

‘ಖಲಾಸ್ ಆಗ್ಯಾದರಿ ಸರ್. ಭಾಳ ಲೇಟ್ ಮಾಡಿ ತಂದೀರಿ.’

‘ಒಳಗಿಂದು ತೆಗೀಲಿಕ್ಕೆ ಬರಂಗಿಲ್ಲೇನೋ?’

‘ಈ ಸಪ್ಪಳ ಬಂದ್ ಮ್ಯಾಲ ಒಳಗಿನ ತಟ್ಟಿಗಿ ಗೀರು ಬಿದ್ದಾವ ಅಂತ ಅರ್ಥರಿ. ಹೈದರಾಬಾದಿಗಿ ಒಯ್ದ್ರೂ ಕಷ್ಟ. ಬ್ಯಾಕಪ್ ಇಟ್ಟೀರೇನ್ರಿ?’

‘ಇಲ್ಲ.’

‘ಪೆನ್ ಡ್ರೈವ್‌ನಾಗರೆ?’

‘ಇಲ್ಲಪಾ.’

‘ಯಾರಿಗರೆ ಮೇಲ್ ಮಾಡೀರಿ?’

‘ಸತ್ತವರಿಗೆ ಮೇಲ್ ಮಾಡ್ತಾರೇನೋ?’

ಇಲಿಯಾಸ್ ನಗು ತಡೆದುಕೊಂಡ. ‘ಸರ್, ಸಾಲ್ಯಾಗ ನೀವೇ ಹೇಳ್ತಿದ್ರಿ, ಬರದದ್ದು ಎರಡು ಸಲ ನೋಡ್ಕೋರಿ ಅಂತ’ ಎಂದ. ಶಿಷ್ಯನ ಸೇಡು ಎಂದರೆ ಇದು. ಮಗ್ಗಿ ಮರೆತಿದ್ದಾನೆ, ನನ್ನ ಉಪದೇಶ ಮಾತ್ರ ನೆನಪಿಟ್ಟಿದ್ದಾನೆ.

ಹೊಸ ಡಿಸ್ಕ್ ಹಾಕುವುದೆಂದಾಯಿತು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣದು. ಒಳಗೆ ತಿರುಗುವುದು ಏನೂ ಇಲ್ಲವಂತೆ, ಸಪ್ಪಳವಿಲ್ಲ. ಅಂದರೆ ಸಾಯುವಾಗ ಹೇಳದೆ ಕೇಳದೆ ಸಾಯುತ್ತದೆ. ‘ಆಪರೇಟಿಂಗ್ ಸಿಸ್ಟಮ್ ಯಾವ್ದು ಹಾಕ್ಲಿರಿ? ಹೊಸಾದಾ?’ ಎಂದು ಇಲಿಯಾಸ್ ಕೇಳಿದ.

‘ಹೊಸಾದು ಬ್ಯಾಡವೇ ಬ್ಯಾಡ’ ಎಂದು ನಾನು ಕೂಗಿದ ಕೂಗಿಗೆ ಪಕ್ಕದ ಪಾನ್ ಅಂಗಡಿಯವನು ಇಣುಕಿ ನೋಡಿದ.

ಯಾಕೆಂದರೆ ಹೊಸದರ ರುಚಿ ನಾನು ಕಂಡಿದ್ದೆ. ಕ್ರಿಸ್‌ಮಸ್ಸಿಗೆ ಬಂದ ಶೀಲಾಳ ತಮ್ಮ, ಎಲ್ಲವನ್ನೂ ಬಲ್ಲವನು, ‘ಇದು ಭಾಳ ಹಳೇದಾಗ್ಯಾದರಿ’ ಎಂದು ಹೊಸ ಸಿಸ್ಟಮ್ ಹಾಕಿ, ಕೇಕು ತಿಂದು ಹೋಗಿದ್ದ. ಅಂದಿನಿಂದ ಯಂತ್ರಕ್ಕೆ ಏದುಸಿರು. ಗುಂಡಿ ಒತ್ತಿ ಸ್ನಾನ ಮಾಡಿ ಬಂದರೂ ಅದು ‘ಸ್ವಲ್ಪ ತಾಳಿ’ ಎನ್ನುತ್ತಿತ್ತು. ತೆರೆದುಕೊಂಡ ಮೇಲೆ ನನ್ನ ಫೋನ್ ನಂಬರ್ ಕೇಳುವುದು, ನಾನೆಲ್ಲಿದ್ದೇನೆಂದು ಕೇಳುವುದು, ನನ್ನ ಮುಖ ತೋರಿಸು ಎನ್ನುವುದು. ಬೀಗರ ಮನೆಯಲ್ಲೂ ಇಷ್ಟು ವಿಚಾರಣೆ ಇಲ್ಲ. ಅದಕ್ಕಿಂತ ದೊಡ್ಡ ಸಂಕಟ ಎಂದರೆ ನನ್ನ ಬೆರಳಿಗೆ ರೂಢಿಯಾದ ಹಳೇ ಕನ್ನಡ ಅಕ್ಷರಗಳು ಅದರಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ. ಒತ್ತಕ್ಷರಗಳು ಬಸ್ಸಿನ ಬಾಗಿಲಲ್ಲಿ ಜೋತುಬಿದ್ದವರಂತೆ ಸಾಲಿನ ಹೊರಗೆ ನೇತಾಡುತ್ತಿದ್ದವು.

‘ಲ್ಯಾಪ್‌ಟಾಪ್ ಜೋಡಿ ಬಂದಿತ್ತಲ್ಲ, ಆ ಹಳೇದೇ ಹಾಕು’ ಎಂದೆ.

‘ಎಲ್ಲಾರೂ ಮುಂದ್ ಹೋಗ್ತಾರ, ನೀವೊಬ್ರೇ ಹಿಂದ್ ಹೊಂಟೀರಿ ನೋಡ್ರಿ’ ಎಂದು ಇಲಿಯಾಸ್ ಲ್ಯಾಪ್‌ಟಾಪಿನ ಬೆನ್ನು ತಿರುಗಿಸಿದ. ಹಳೇ ಸಿಸ್ಟಮಿನ ಗುರುತಿನ ಸಂಖ್ಯೆ ಅಲ್ಲಿ ಒಂದು ಚೀಟಿಯ ಮೇಲಿರುತ್ತದಂತೆ. ಇಷ್ಟು ವರ್ಷ ನನ್ನ ತೊಡೆಗೆ ಉಜ್ಜಿ ಉಜ್ಜಿ ಅರ್ಧ ಅಳಿಸಿಹೋಗಿತ್ತು. ಗುರು ಶಿಷ್ಯರು ಬೀದಿಯ ಬಿಸಿಲಿಗೆ ಹಿಡಿದು, ಭೂತಗನ್ನಡಿ ಇಟ್ಟು, ಇದು ಎಂಟೋ ಮೂರೋ ಎಂದು ಜಗಳಾಡುತ್ತ ಓದಿದೆವು. ಅವನು ಎಂಟು ಎಂದ, ನಾನು ಮೂರು ಎಂದೆ. ಎಂಟೇ ಆಗಿತ್ತು.

ಸಂಜೆಗೆ ಎಲ್ಲವೂ ಮುಗಿಯಿತು. ಹಳೇ ನೀಲಿ ಪರದೆ, ಹಳೇ ಗಂಟೆಯ ಸಪ್ಪಳ. ಹನ್ನೆರಡು ಎಣಿಸುವಷ್ಟರಲ್ಲಿ ಯಂತ್ರ ಎದ್ದು ಕೂತಿತು. ‘ಇದಕ್ಕ ಇಂಟರ್ನೆಟ್ ಹಚ್ಚಬ್ಯಾಡ್ರಿ. ರೋಗ ಬಂದ್ರ ಮದ್ದು ಕೊಡವ್ರು ಯಾರೂ ಉಳದಿಲ್ಲ’ ಎಂದು ಇಲಿಯಾಸ್ ಎಚ್ಚರಿಸಿದ. ನನ್ನ ಅಕ್ಷರಗಳು ತಮ್ಮ ತಮ್ಮ ಜಾಗದಲ್ಲಿ ನೆಟ್ಟಗೆ ಕೂತವು. ಎಲ್ಲ ಮೊದಲಿನ ಹಾಗೇ ಇತ್ತು, ಒಳಗೆ ಯಾರೂ ಇರಲಿಲ್ಲ ಅಷ್ಟೇ.

ಬುಧವಾರ ಬೆಳಿಗ್ಗೆ ಚಹಾ ಕುಡಿದು, ಅವ್ವನ ಚರಿತ್ರೆಯನ್ನು ಹೊಸದಾಗಿ ಬರೆಯಲು ಕೂತೆ. ಸ್ವಂತ ತಾಯಿಯಲ್ಲವೇ, ಬರೆಯಲು ಎಷ್ಟು ಹೊತ್ತು? ‘ಮೃದುಭಾಷಿ’ ಎಂದು ಬರೆದೆ. ಅಳಿಸಿದೆ. ‘ಪ್ರಾರ್ಥನಾಶೀಲಳು’ ಎಂದು ಬರೆದೆ. ಮಧ್ಯಾಹ್ನದವರೆಗೆ ಕೂತರೂ ಬೆರಳಿಗೆ ಬಂದದ್ದು ಅವೇ ಮಾತು, ಊರಿಗೆಲ್ಲ ಹಂಚಿದ ಮಾತು. ಅವ್ವನದೇ ಆದದ್ದು ಯಾವುದು, ಆಮೇಲೆ ನಾನು ಸೇರಿಸಿದ್ದು ಯಾವುದು ಎಂದು ನನಗೇ ತಿಳಿಯಲಿಲ್ಲ. ಹೆದರಿಕೆಯಾಯಿತು. ಹಾರ್ಡ್ ಡಿಸ್ಕ್ ಹೋದಾಗಲೂ ನಾನು ಅಷ್ಟು ಹೆದರಿರಲಿಲ್ಲ.

ಆಗ ಒಂದು ಕಳ್ಳಬುದ್ಧಿ ಹೊಳೆಯಿತು. ಅವ್ವನ ನಂತರ ತಕ್ಷಣ ನಾನು ಬರೆದದ್ದು ಔರಾದಿನ ದೇವಪ್ಪನದು. ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಅವ್ವನ ಫೈಲು ತೆರೆದು, ಬರೀ ಹೆಸರು, ನೌಕರಿ ಬದಲಿಸಿ ಕೊಟ್ಟ ನೆನಪು. ಅವರ ಮನೆಯಲ್ಲಿ ಪ್ರತಿ ಇದ್ದರೆ, ದೇವಪ್ಪನನ್ನು ತೆಗೆದು ಹಾಕಿದರೆ ಅವ್ವ ಸಿಗುತ್ತಾಳೆ. ಕದ್ದ ಮಾಲು ಎಲ್ಲಿಟ್ಟಿದ್ದೇನೆಂದು ಕಳ್ಳನಿಗೇ ತಾನೆ ಗೊತ್ತಿರುವುದು?

ಗುರುವಾರ ಔರಾದ್ ಬಸ್ ಹತ್ತಿದೆ. ಆ ದಾರಿಯ ಕಂಡಕ್ಟರ್ ಕನ್ನಡದಲ್ಲಿ ಟಿಕೆಟ್ ಕೊಟ್ಟು, ಮರಾಠಿಯಲ್ಲಿ ಗದರಿಸಿ, ಉರ್ದುವಿನಲ್ಲಿ ಸಮಾಧಾನ ಮಾಡುತ್ತಾನೆ. ದೇವಪ್ಪನವರ ಮನೆಯಲ್ಲಿ ಅವರ ಹೆಂಡತಿ ರತ್ನಾಬಾಯಿ ಮತ್ತು ಕಾಲೇಜು ಓದುವ ಮೊಮ್ಮಗಳು ಇದ್ದರು. ನನ್ನನ್ನು ಕಂಡ ಕೂಡಲೇ ಮುದುಕಿ ಗಾಬರಿಯಾಗಿ ‘ಯಾರ್ ಹೋದ್ರಿ ಮಾಸ್ತರ?’ ಎಂದರು. ನಾನು ಯಾರ ಮನೆಗೆ ಹೋದರೂ ಮೊದಲು ಎದುರಾಗುವ ಪ್ರಶ್ನೆ ಇದೇ. ಯಾರೂ ಹೋಗಿಲ್ಲ, ನಿಮ್ಮ ಯಜಮಾನರ ಚರಿತ್ರೆಯ ಕಾಗದ ನೋಡಬೇಕಿತ್ತು ಎಂದೆ.

ಹುಡುಕುವುದೇ ಬೇಕಾಗಲಿಲ್ಲ. ದೇವಪ್ಪನವರ ಫೋಟೋದ ಪಕ್ಕದಲ್ಲೇ ಕಾಗದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ಹಾಕಿದ್ದರು. ಓದುತ್ತ ಹೋದೆ. ನಡುವಿನಲ್ಲಿ ಈ ಸಾಲಿತ್ತು: ‘ನಸುಕಿನಲ್ಲಿ ಎದ್ದು, ಒಲೆಯ ಮುಂದೆ ಕೂತು, ಕೀರ್ತನೆ ಹಾಡುತ್ತ ರೊಟ್ಟಿ ಬಡಿಯುತ್ತಿದ್ದರು. ಆ ಹಾಡು ಕೇಳುತ್ತಲೇ ಮಕ್ಕಳು ಕಣ್ಣು ಬಿಡುತ್ತಿದ್ದರು.’

ಅದು ನನ್ನ ಅವ್ವ. ಬೀದರಿನ ಮಿಷನ್ ಕಂಪೌಂಡಿನ ಒಂದು ಕೋಣೆಯ ಮನೆ, ಚಳಿಗೆ ಬೆವರುವ ಕೆಂಪು ಕಲ್ಲಿನ ಗೋಡೆ, ಕೌದಿಯೊಳಗೆ ಮುಖ ಮುಚ್ಚಿ ಮಲಗಿದ್ದ ನಾಲ್ಕು ವರ್ಷದ ನಾನು. ಬಿದಿರು ತಟ್ಟಿಯ ಮರೆಯಾಚೆ ಒಲೆ. ಅಲ್ಲಿಂದ ರೊಟ್ಟಿಯ ತಪತಪ, ಅದರ ತಾಳಕ್ಕೆ ಸಣ್ಣ ದನಿಯ ಹಾಡು. ನನ್ನ ಜೀವನದಲ್ಲಿ ನನಗಿರುವ ಮೊಟ್ಟಮೊದಲ ನೆನಪು ಅದು. ಅದನ್ನು ಒಬ್ಬ ಬಸ್ ಡ್ರೈವರಿಗೆ ಕೊಟ್ಟುಬಿಟ್ಟಿದ್ದೆ, ತಿದ್ದಲು ಪುರುಸೊತ್ತಿಲ್ಲದ್ದಕ್ಕೆ.

‘ನಮ್ ತಾತ ರೊಟ್ಟಿ ಬಡೀತಿದ್ರಂತರಿ ಸರ್’ ಎಂದು ಮೊಮ್ಮಗಳು ಹೆಮ್ಮೆಯಿಂದ ಹೇಳಿದಳು. ‘ಆ ಕಾಲದಾಗೇ! ನಾ ಇದರ ಮ್ಯಾಲ ಕಾಲೇಜಿನ್ಯಾಗ ಭಾಷಣ ಮಾಡಿ ಬಹುಮಾನ ತೊಗೊಂಡೇನಿ.’

ಅವಳು ಚಹಾ ತರಲು ಒಳಗೆ ಹೋದ ಮೇಲೆ ರತ್ನಾಬಾಯಿ ನನ್ನ ಕಡೆ ಬಾಗಿ ಪಿಸುಗುಟ್ಟಿದರು. ‘ಖರೆ ಹೇಳ್ಬೇಕಂದ್ರ ಮಾಸ್ತರ, ಆ ಮನಷಾ ಒಂದಿನ ಒಲಿ ಮುಂದ ಕುಂತಾಂವಲ್ಲ. ನೀರ್ ಸೈತ ನಾನೇ ಕೈಯಾಗ ಕೊಡ್ಬೇಕಿತ್ತು. ನೀವು ಓದಿದಾಗ ನಂಗ ನಗಿ ಬಂತು, ಸೆರಗು ಬಾಯಾಗ ಹಿಡಕೊಂಡೆ. ಮಂದಿ ಅಳ್ಲಾಕತ್ತಾಳ ಅಂದ್ಕೊಂಡ್ರು.’

‘ಮತ್ತ ಯಾಕ ಹೇಳ್ಲಿಲ್ರಿ?’

‘ಏನ್ ಹೇಳೋದ್ರಿ? ಈಗೀಗ ನಂಗೂ ಬಡೀತಿದ್ದ ಅಂತೇ ಅನಸ್ಲಾಕತ್ತದ. ಹಂಗೇ ಇರ್ಲಿ ಬಿಡ್ರಿ.’

ಆ ಸಾಲು ನನ್ನ ತಾಯಿಯದು, ವಾಪಸ್ ಕೊಡಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಚೌಕಟ್ಟಿನ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು ಬಂದೆ. ಶುಕ್ರವಾರವಿಡೀ ಹಳೇ ಸಿಸ್ಟಮಿನಲ್ಲಿ ಕೂತು ಟೈಪು ಮಾಡಿದೆ. ಡ್ರೈವರನ್ನು ತೆಗೆದು ಮಿಷನ್ ಆಸ್ಪತ್ರೆಯ ಆಯಾ ಎಂದು ಹಾಕಿದೆ, ‘ದ್ದರು’ ಇದ್ದಲ್ಲೆಲ್ಲ ‘ದ್ದಳು’ ಮಾಡಿದೆ. ಒಂದೂವರೆ ಪುಟ ತುಂಬಿತು. ಅವ್ವ ಮನೆಗೆ ಬಂದಳು ಎಂದು ಶೀಲಾಗೆ ಹೇಳಿದೆ. ನಿಜವಾಗಿಯೂ ಬಹಳ ಸಂತೋಷವಾಗಿತ್ತು.

ಶನಿವಾರ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಭಾಲ್ಕಿಗೆ ಹೋದೆ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಹಾಸ್ಟೆಲಿನಲ್ಲಿ ಅಡಿಗೆ ಮಾಡಿ ಮಾಡಿ ಮಣಿಕಟ್ಟಿನ ನೋವು ತಂದುಕೊಂಡವಳು. ಊಟವಾದ ಮೇಲೆ ಅಂಗಳದಲ್ಲಿ ಕೂತು ಅವಳಿಗೆ ಓದಿ ತೋರಿಸಿದೆ. ಡಿಸ್ಕ್ ಸತ್ತದ್ದು, ಔರಾದಿಗೆ ಹೋದದ್ದು ಎಲ್ಲ ಹೇಳಿದೆ. ದೇವಪ್ಪನ ರೊಟ್ಟಿಯ ಕತೆಗೆ ಬಿದ್ದು ಬಿದ್ದು ನಕ್ಕಳು. ಆದರೆ ಅವ್ವನ ಪುಟದಲ್ಲಿ ಅದೇ ಸಾಲು ಬಂದಾಗ ಕೈ ಎತ್ತಿ ನನ್ನನ್ನು ನಿಲ್ಲಿಸಿದಳು.

‘ಯಾಕಕ್ಕಾ? ತಪ್ಪದೇನು?’

‘ಅವ್ವ ಹಾಡ್ತಿದ್ದಿಲ್ಲೋ.’

‘ನಾ ಕೇಳೀನಲ್ಲ. ಕೌದಿಯೊಳಗ ಮಲ್ಕೊಂಡು ದಿನಾ ಕೇಳೀನಿ.’

‘ಕೇಳಿದಿ. ನೋಡಿದೇನು?’ ಎಂದಳು ಅಕ್ಕ. ‘ಅವ್ವಗ ನಸುಕಿನ್ಯಾಗ ಡ್ಯೂಟಿ ಇರ್ತಿತ್ತು. ನೀ ಏಳೋದ್ರಾಗ ಆಕಿ ವಾರ್ಡಿನ್ಯಾಗ ಇರ್ತಿದ್ಳು. ರೊಟ್ಟಿ ಬಡೀತಿದ್ದಾಕಿ ನಾ. ಅವ್ವ ಇಲ್ಲ ಅಂತ ಗೊತ್ತಾದ್ರ ನೀ ಬೊಬ್ಬಿ ಹೊಡೀತಿದ್ದಿ, ಅದಕ್ಕ ಹಾಡ್ತಿದ್ದೆ. ಅವ್ವ ಅದಾಳ ಅಂತ ತಿಳ್ಕೊಂಡು ಮಲ್ಗಲಿ ಅಂತ.’

ನನಗೆ ನಾಲ್ಕಾದರೆ ಅವಳಿಗೆ ಹದಿಮೂರು. ಅವಳು ಏಳನೇ ಇಯತ್ತೆಗೆ ಶಾಲೆ ಬಿಟ್ಟದ್ದು ಓದು ತಲೆಗೆ ಹತ್ತಲಿಲ್ಲ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ನಾಲ್ಕು ಜನರೆದುರು ಹಾಗೆ ಹೇಳಿಯೂ ಇದ್ದೆ.

‘ಮತ್ತ ಅವ್ವ?’ ಎಂದು ಕೇಳಿದೆ. ‘ಅವ್ವ ಎಂದೂ ರೊಟ್ಟಿ ಬಡೀಲೇ ಇಲ್ಲೇನು?’

‘ಹಿಟ್ಟು ಮುಟ್ತಿದ್ದಿಲ್ಲ. ದಿನಾ ರೋಗದ ಮಂದಿ ಹೇಲು ಉಚ್ಚಿ ಬಳದು ಬರೋ ಕೈ ಅಂತ. ಸಾಬಾಣ ಹಚ್ಚಿ ಹಚ್ಚಿ ತೊಳದು, ಮೂಸಿ ನೋಡ್ಕೋತಿದ್ಳು. ಆಮ್ಯಾಲೂ ನಿನ್ನ ಕೈಲೆ ಎತ್ಕೋತಿದ್ದಿಲ್ಲ. ಕುಂತು, ತೊಡಿ ಮ್ಯಾಲ ಏರ್ಕೋ ಅಂತಿದ್ಳು.’

ನಾನು ಅವಳ ಎದುರೇ ರೊಟ್ಟಿಯ ಸಾಲು ಅಳಿಸಿ, ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದೆ. ಮೃದುಭಾಷಿಯನ್ನೂ ತೆಗೆದೆ. ಅವ್ವ ಮೃದುವಾಗಿ ಮಾತಾಡಿದ್ದು ಇಬ್ಬರಿಗೂ ನೆನಪಿರಲಿಲ್ಲ. ಊರಿಗೆಲ್ಲ ಹಂಚಿದ ಮಾತು ತೆಗೆಯುತ್ತ ಹೋದ ಹಾಗೆ ಒಂದೂವರೆ ಪುಟ ಹೋಗಿ ಅರ್ಧ ಪುಟ ಉಳಿಯಿತು.

ಭಾನುವಾರ ಹೊಸ ಕಲ್ಲಿನ ಮುಂದೆ ಅದನ್ನೇ ಓದಿದೆ. ಪ್ರತಿ ಸಲ ನನ್ನ ಸಾಲಿಗೆ ಮೊದಲೇ ತಲೆಯಾಡಿಸುವ ಜನ ಈ ಸಲ ತಲೆಯಾಡಿಸಲಿಲ್ಲ. ಕೈ ಮೂಸಿ ನೋಡಿಕೊಳ್ಳುವಲ್ಲಿ ಬಂದಾಗ ಪಾಸ್ಟರು ಕೆಮ್ಮಿದರು. ಮಿಷನ್ ಆಸ್ಪತ್ರೆಯಲ್ಲಿ ಅವ್ವನ ಜೊತೆ ದುಡಿದ ಒಬ್ಬ ಮುದುಕಿ ಮಾತ್ರ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಪ್ರಾರ್ಥನೆ ಮುಗಿದು ಜನ ಹೊರಟ ಮೇಲೆ ನಾನು, ಅಕ್ಕ ಹಿಂದೆ ಉಳಿದೆವು. ಅವಳು ಕಲ್ಲಿನ ಮೇಲೆ ಬಿದ್ದ ಮಣ್ಣನ್ನು ಸೆರಗಿನಿಂದ ಒರೆಸಿದಳು. ಇಷ್ಟು ವರ್ಷ ಆ ಸಾಲು ಕೇಳಿಯೂ ಯಾಕೆ ಒಮ್ಮೆಯೂ ಹೇಳಲಿಲ್ಲ ಎಂದು ಕೇಳಿದೆ.

‘ಚಂದ ಓದ್ತಿದ್ದಿ, ಕೇಳ್ಕೋತ ಕುಂತೆ’ ಎಂದಳು. ‘ಈ ಭಾಲ್ಕಿಯೊಳಗೇ ಐದು ಮಂದಿ ಮಣ್ಣಿಗಿ ಹೋಗೋವಾಗ ನೀ ಓದಿದ ಚರಿತ್ರೆಯೊಳಗ ನಾ ರೊಟ್ಟಿ ಬಡದೀನಿ, ಹಾಡೀನಿ. ನಂದೆಲ್ಲ ಮಂದಿಗಿ ಹಂಚಿ ಕೊಟ್ಟಿ. ನಾ ಹೋದಾಗ ಓದ್ಲಿಕ್ಕೆ ನನಗ ಏನ್ ಉಳಿಸೀದಿ, ತಮ್ಮಾ?’